ಹುದ್ದೆಯ ಕಾಲಂ

ಯಾರೋ ಎರಡು ಸಲ "ಪಾಕ್ ದರ್ಮಜಿ" ಎಂದು ಕೂಗಿದ ಮೇಲೆ, ಕೂಗಿದ್ದು ತನ್ನನ್ನೇ ಎಂದು ಸುದರ್ಮಜಿಗೆ ಹೊಳೆಯಿತು. ಗೇಟಿನ ಮುದುಕ ಸಕಿಮಾನ್ ಎರಡೂ ಕೈಗಳನ್ನು ಹೊಟ್ಟೆಯ ಮುಂದೆ ಕಟ್ಟಿಕೊಂಡು ನಿಂತಿದ್ದ. ಬೈಕಿನಲ್ಲಿ ಕೀಲಿ ಬಿಟ್ಟಿದ್ದೀರಿ ಎಂದು ಹೇಳಲು ಅಷ್ಟು ದೂರ ನಡೆದು ಬಂದಿದ್ದ. ಹತ್ತೊಂಬತ್ತು ವರ್ಷ "ಮಾಸ್, ಮಾಸ್" ಎಂದು ಮನೆಯ ಹುಡುಗನನ್ನು ಕರೆದ ಹಾಗೆ ಕರೆದು, ತಾನು ಅರ್ಧ ಸೇದಿದ ಲವಂಗದ ಸಿಗರೇಟನ್ನು ಒರೆಸಿ ಕೊಡುತ್ತಿದ್ದ ಮನುಷ್ಯ. ಖಾಯಂ ನೇಮಕದ ಪತ್ರ ಬಂದ ಮರುದಿನವೇ, ಯಾರೂ ಹೇಳಿಕೊಡದೆ, ದೊಡ್ಡವರನ್ನು ಕರೆಯುವ "ಪಾಕ್" ಅವನ ಬಾಯಿಗೆ ಬಂದುಬಿಟ್ಟಿತ್ತು. ಸಕಿಮಾನನ ದೃಷ್ಟಿ ಸುದರ್ಮಜಿಯ ಮುಖದ ಮೇಲಿರಲಿಲ್ಲ, ಅಂಗಿಯ ಮೇಲಿತ್ತು. ಇವತ್ತು ಹದಿನೇಳನೆಯ ತಾರೀಖು. ಪ್ರತಿ ತಿಂಗಳ ಹದಿನೇಳಕ್ಕೆ ಖಾಯಂ ನೌಕರರೆಲ್ಲ ಸರಕಾರದ ನೀಲಿ ಬಾತಿಕ್ ಅಂಗಿ ತೊಟ್ಟು ಧ್ವಜದ ಮುಂದೆ ನಿಲ್ಲಬೇಕು. ಹಂಗಾಮಿಯವರು ಬಿಳಿ ಅಂಗಿ, ಕಪ್ಪು ಪ್ಯಾಂಟು ಹಾಕಿಕೊಂಡು ಹಿಂದೆ ಬಲಗಡೆ ನಿಲ್ಲಬೇಕು. ಹೋದ ತಿಂಗಳು ನೀಲಿ ತೊಟ್ಟ ಮೊದಲ ಹದಿನೇಳರಂದು ಅವನ ಕಾಲು ತಾನಾಗಿಯೇ ಹಿಂದಿನ ಸಾಲಿಗೆ ಹೋಗಿ ನಿಂತಿತ್ತು. ಬಿಳಿ ಅಂಗಿಗಳ ನಡುವೆ ಒಬ್ಬನೇ ನೀಲಿ. ಯಾರೋ ಕಿಸಕ್ಕೆಂದರು. ವಿಭಾಗದ ಮುಖ್ಯಸ್ಥ ಪಾಕ್ ಹಾರ್ತೊನೊ ಬಂದು ಮೊಣಕೈ ಹಿಡಿದು ಮುಂದಕ್ಕೆ ಕರೆದೊಯ್ಯುತ್ತಾ, "ಹಳೇ ಕೊಟ್ಟಿಗೆ ಮರೀಲಿಲ್ವಾ?" ಎಂದಿದ್ದರು, ಪ್ರೀತಿಯಿಂದಲೇ. ಇವತ್ತು ಸರಿಯಾದ ಸಾಲಿನಲ್ಲಿಯೇ ನಿಂತ. ಧ್ವಜ ಮೇಲೇರುವಾಗ ಏನಾದರೂ ಅನಿಸಬೇಕಿತ್ತು, ಅನಿಸಲಿಲ್ಲ. ಬೆನ್ನಿಗೆ ಮಾತ್ರ ಹಿಂದಿನ ಸಾಲು ಗೊತ್ತಾಗುತ್ತಿತ್ತು. ಅಲ್ಲಿ ರುಮಿಯಾತಿ ಇದ್ದಳು.

ಮಧ್ಯಾಹ್ನ ಮೂರೂವರೆಗೆ ಕಂಪ್ಯೂಟರಿನಲ್ಲಿ ತಿದ್ದುಪಡಿಯ ಪುಟ ಮುಚ್ಚುತ್ತದೆ ಎಂಬುದನ್ನು ಬೆಳಗಿನಿಂದ ಎಷ್ಟನೆಯ ಸಲವೋ ನೆನೆದುಕೊಂಡು ಅವನು ಮೇಜಿನ ಮುಂದೆ ಕೂತ. ಖಾಯಂ ಮಾಡುವ ಪಟ್ಟಿಯಿಂದ ತಪ್ಪಿಹೋದ ಹಂಗಾಮಿಯವರ ಹೆಸರನ್ನು ತಿದ್ದಿ ಕಳಿಸಲು ಜಿಲ್ಲೆಯ ಮುಖ್ಯ ಕಚೇರಿ ಹತ್ತು ದಿನ ಕೊಟ್ಟಿತ್ತು. ಇವತ್ತು ಹತ್ತನೆಯದು. ಆಮೇಲೆ ಹಂಗಾಮಿ ಎಂಬ ಜಾತಿಯೇ ಇರುವುದಿಲ್ಲವಂತೆ. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ, ಗುಡಿಸುವವರು ಗುತ್ತಿಗೆದಾರನ ಕೈಕೆಳಗೆ. ರುಮಿಯಾತಿಯ ಹೆಸರು ಹೊರಗಿತ್ತು. ಅದನ್ನು ಹೊರಗೆ ಹಾಕಿದ್ದು ಸರಕಾರವಲ್ಲ, ದೇವರಲ್ಲ, ಇದೇ ಮೇಜು, ಇದೇ ಕೀಲಿಮಣೆ, ಇವೇ ಬೆರಳು. ಎರಡು ವರ್ಷದ ಹಿಂದೆ, ಊಟ ಮುಗಿಸಿ ಕಣ್ಣು ಎಳೆಯುವ ಹೊತ್ತಿನಲ್ಲಿ, ಸಂಜೆಯೊಳಗೆ ಹಂಗಾಮಿಯವರ ವಿವರ ಬೇಕು ಎಂದು ಫೋನು ಬಂತು. ಹನ್ನೊಂದು ಹೆಸರು, ಒಬ್ಬೊಬ್ಬರಿಗೆ ಹನ್ನೆರಡು ಕಾಲಂ. ಎಂಟನೆಯದು ಹುದ್ದೆ. ಡ್ರೈವರು, ಕಾವಲುಗಾರ, ಶುಚಿ ಕೆಲಸದವರು ಎಂದು ಬರೆದರೆ ಕಂಪ್ಯೂಟರೇ ಆ ಹೆಸರನ್ನು ಬದಿಗೆ ಸರಿಸುತ್ತದೆ ಎಂದು ಸುತ್ತೋಲೆಯಲ್ಲಿತ್ತು. ಆ ಸುತ್ತೋಲೆ ಮೇಜಿನ ಮೇಲೆಯೇ ಇತ್ತು, ಅವನ ಚಹಾ ಲೋಟದ ಕೆಳಗೆ. ಲೋಟವನ್ನು ಆಗಷ್ಟೇ ತಂದಿಟ್ಟವಳು ರುಮಿಯಾತಿ. ಅವಳು ಟ್ರೇ ಎತ್ತಿಕೊಂಡು ಹೋಗುತ್ತಿದ್ದಾಗ ಅವಳ ಸಾಲು ಬಂತು. ಹೆಸರು, ಹುಟ್ಟಿದ ತಾರೀಖು, ಸೇರಿದ ವರ್ಷ. ಎಂಟನೆಯ ಕಾಲಂನಲ್ಲಿ ಅವನು ಶುಚಿ ಕೆಲಸ ಎಂದು ಬರೆದ. ತನ್ನ ಸಾಲಿನಲ್ಲಿ ಕಡತ ನಿರ್ವಹಣೆ ಎಂದು ಬರೆದಿದ್ದ.

ಕಡತ ನಿರ್ವಹಣೆ. ಅವರಿಬ್ಬರೂ ಹದಿನಾಲ್ಕು ವರ್ಷದಿಂದ ಎದುರುಬದುರು ಕೂತು ಮಾಡಿದ್ದು ಅದೊಂದನ್ನೇ. ಕುಟುಂಬ ಚೀಟಿ, ಜನನ, ಮರಣ, ಊರು ಬಿಟ್ಟು ಹೋದವರು, ಬಂದವರು. ಕೆಳಗಿನ ಹಳ್ಳಿಯಲ್ಲಿ ಒಂದೇ ಹೆಸರಿನ ಮೂವರು ಇದ್ದಾರೆ, ಅವರಲ್ಲಿ ಒಬ್ಬ ಸತ್ತು ಆರು ವರ್ಷವಾಯಿತು ಎಂಬುದು ಕಂಪ್ಯೂಟರಿಗೆ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು. ಹಳೆಯ ರಿಜಿಸ್ಟರುಗಳ ಕೋಳಿಕಾಲು ಅಕ್ಷರವನ್ನು ಓದಲು ಮೇಲಿನ ಮಹಡಿಯವರೂ ಅವಳನ್ನು ಕರೆಯುತ್ತಿದ್ದರು. ಚಹಾ ಮಾಡುತ್ತಿದ್ದ ಹೆಂಗಸು ಹನ್ನೆರಡು ವರ್ಷದ ಹಿಂದೆ ಬಾಣಂತನಕ್ಕೆ ಹೋದಾಗ, "ಎರಡು ದಿನ ಇದನ್ನೂ ನೋಡ್ಕೊಂಬಿಡಿ ಬು ರುಮ್" ಎಂದಿದ್ದರು ಆಗಿನ ಸಾಹೇಬರು, ಅಮ್ಮಾ ಎನ್ನುವ ಹಾಗೆ "ಬು" ಸೇರಿಸಿ. ಆ ಎರಡು ದಿನ ಇನ್ನೂ ಮುಗಿದಿಲ್ಲ. ಬಾಣಂತಿಯ ಮಗು ಈಗ ಶಾಲೆಗೆ ಸೈಕಲ್ಲಿನಲ್ಲಿ ಹೋಗುತ್ತದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತನ್ನು ಜನ ಕೌಂಟರಿನ ಆಚೆ ನಿಂತು ಎಷ್ಟೋ ಸಲ ಗೊಣಗಿದ್ದನ್ನು ಸುದರ್ಮಜಿ ಕೇಳಿದ್ದಾನೆ. ಪೂಜಾರಿ ತಾನೇ ಎಂದು ಅವನಿಗೆ ಯಾವತ್ತೂ ಅನಿಸಿರಲಿಲ್ಲ. ಗುಡಿಯ ಮೆಟ್ಟಿಲಲ್ಲಿ ಕೂತವನು ತಾನು ಎಂದೇ ತಿಳಿದಿದ್ದ.

"ಪಾಕ್, ಚಹಾ," ಎಂದು ರುಮಿಯಾತಿ ಲೋಟ ಇಟ್ಟಳು. ಅವನು ತಲೆ ಎತ್ತಲಿಲ್ಲ. ಅವಳೂ ನಿಲ್ಲಲಿಲ್ಲ. ಮೊದಲಾದರೆ ಲೋಟ ಇಟ್ಟು, ಅವನ ಕುರ್ಚಿಗೆ ಮೊಣಕಾಲು ತಾಗಿಸಿ, "ಮಾಸ್, ಇವತ್ತು ಸಕ್ಕರೆ ಕಮ್ಮಿ ಹಾಕಿದೀನಿ, ನಿಮ್ಮ ಹೊಟ್ಟೆ ನೋಡಿದ್ರೆ ಭಯ ಆಗತ್ತೆ" ಎನ್ನುತ್ತಿದ್ದಳು. ಈಗ ಚಹಾ ಪಾಕವಾಗುವಷ್ಟು ಸಿಹಿಯಿರುತ್ತದೆ, ಸಾಹೇಬರಿಗೆ ಕೊಡುವ ಹಾಗೆ. ಲೋಟ ಹಿಡಿದರೆ ಬಿಸಿ ತಡವಾಗಿ ತಾಕಿತು. ಬೆರಳ ತುದಿಗಳು ಜೋಮು ಹಿಡಿದು ಒಂದೂವರೆ ತಿಂಗಳಾಗಿತ್ತು. ಆರೋಗ್ಯ ಕೇಂದ್ರದ ಎಳೆಯ ಡಾಕ್ಟರಮ್ಮ ರಕ್ತದೊತ್ತಡ ನೋಡಿ, ಸೂಜಿ ಚುಚ್ಚಿ ನೋಡಿ, "ಏನೂ ಇಲ್ಲ ಪಾಕ್. ಕೆಲಸದ ಒತ್ತಡ ಜಾಸ್ತಿ ಇದೆಯಾ? ಏನ್ ಕೆಲಸ ನಿಮ್ಮದು?" ಎಂದು ಕೇಳಿದ್ದಳು. ಹತ್ತೊಂಬತ್ತು ವರ್ಷ ಆ ಪ್ರಶ್ನೆಗೆ ಅವನು ತಾಲೂಕು ಕಚೇರಿಯಲ್ಲಿ ಇದ್ದೇನೆ ಎಂದು ಹೇಳಿ ಪಾರಾಗಿದ್ದ. ಇದ್ದೇನೆ ಎನ್ನುವುದು ಸುಳ್ಳಲ್ಲ, ಏನಾಗಿ ಎಂದು ಯಾರೂ ಕೇಳುತ್ತಿರಲಿಲ್ಲ. ಖಾಯಂ ಆಗುವ ತನಕ ಕೆಲಸ ರಾಶಿ ಬೀಳುತ್ತಿತ್ತು, ನಿದ್ದೆಗೆಟ್ಟು ಮಾಡುತ್ತಿದ್ದ, ಬೈಸಿಕೊಳ್ಳುತ್ತಿದ್ದ, ಬೆರಳು ಮಾತ್ರ ಚೆನ್ನಾಗಿಯೇ ಇದ್ದವು. ಈಗ ಅದೇ ಕೆಲಸ, ಅದಕ್ಕಿಂತ ಕಡಿಮೆಯೇ. "ಒತ್ತಡ ಏನಿಲ್ಲ," ಎಂದ. ಡಾಕ್ಟರಮ್ಮ ವಿಟಮಿನ್ ಗುಳಿಗೆ ಬರೆದುಕೊಟ್ಟಳು.

ನೇಮಕ ಪತ್ರ ಬಂದ ವಾರ ಹೆಂಡತಿ ತುತಿಕ್ ಮನೆಯಲ್ಲಿ ಹರಕೆಯ ಊಟ ಇಟ್ಟುಕೊಂಡಿದ್ದಳು. ಗೋಪುರದ ಹಾಗೆ ಮಾಡಿದ ಅರಿಶಿನದ ಅನ್ನ, ಇಡೀ ಕೋಳಿ, ಬೀದಿಯ ನಲವತ್ತು ಮನೆಗೆ ಹಂಚಲು ಡಬ್ಬಿ. ಬೀದಿಯ ಗಂಡಸರು ಚಾಪೆಯಲ್ಲಿ ಜರುಗಿ ಅವನನ್ನು ಪ್ರಾರ್ಥನೆ ಹೇಳುವ ಮೋದಿನರ ಪಕ್ಕಕ್ಕೆ ಕೂರಿಸಿದರು. ಹೋದ ವರ್ಷದ ತನಕ ಬಾಗಿಲ ಬಳಿ ಚಪ್ಪಲಿಗಳ ಪಕ್ಕ ಕೂರುತ್ತಿದ್ದ. ಕೈ ತೊಳೆಯಲು ಒಳಗೆ ಹೋದರೆ ಅಡುಗೆಮನೆಯ ಹಿಂದೆ ರುಮಿಯಾತಿ ಕುಕ್ಕರುಗಾಲಲ್ಲಿ ಕೂತು ಹಂಡೆ ಉಜ್ಜುತ್ತಿದ್ದಳು. ಸಮಾರಂಭದ ಮನೆಗೆ ಹೆಂಗಸರು ಕೆಲಸಕ್ಕೆ ಒದಗುವುದು ಪದ್ಧತಿ, ಅದು ನೆರೆಹೊರೆಯವರದು. ಅವಳ ಊರು ಹನ್ನೆರಡು ಕಿಲೋಮೀಟರು. ಯಾರು ಕರೆದಿದ್ದರು? "ನಾನು ಕರೀಲಿಲ್ಲ, ತಾನೇ ಬಂದ್ಲು ಪಾಪ. ಎಷ್ಟು ಚುರುಕು ಗೊತ್ತಾ, ಪಾತ್ರೆ ಎಲ್ಲಾ ಅವಳೇ ಮುಗಿಸಿದ್ಲು," ಎಂದಳು ತುತಿಕ್. ಅವನು ಕೈ ತೊಳೆಯದೆ ಹೊರಗೆ ಬಂದು, ಎಂಜಲು ಕೈಯಲ್ಲೇ ಕೂತು ಎಲ್ಲರ ಜೊತೆ ಆಮೆನ್ ಎಂದ. ನಾಚಿಕೆಯಾಗಬೇಕಿತ್ತು. ಅನ್ನ ತಣ್ಣಗಾಗಿದೆ ಎಂದಷ್ಟೇ ಅನಿಸಿತು.

ಮಧ್ಯಾಹ್ನದ ನಮಾಜು ಮುಗಿಸಿ ಬಂದ ಪಾಕ್ ಹಾರ್ತೊನೊ ಮಡಚಿದ ಅಂಗಿಯ ಒದ್ದೆ ತೋಳುಗಳನ್ನು ಇಳಿಸಿಕೊಳ್ಳುತ್ತಿದ್ದಾಗ ಅವನು ಅವರ ಕೋಣೆಗೆ ಹೋದ. ಹತ್ತು ದಿನದಿಂದ ಹೋಗಬೇಕೆಂದಿದ್ದ. ಅವರು ಮುಂದಿನ ವರ್ಷ ನಿವೃತ್ತರಾಗುವವರು, ಯಾರ ಮನಸ್ಸನ್ನೂ ನೋಯಿಸದೆ ಮೂವತ್ತು ವರ್ಷ ದೂಡಿದವರು. ಎದುರಿನ ಕುರ್ಚಿ ತೋರಿಸಿ, ಕರಿದ ಮರಗೆಣಸಿನ ತಟ್ಟೆ ಮುಂದಕ್ಕೆ ತಳ್ಳಿದರು.

"ಬು ರುಮ್ ವಿಷಯ," ಎಂದ ಸುದರ್ಮಜಿ.

"ಯಾಕೆ, ಏನಾಯ್ತು ಅವಳಿಗೆ?"

"ಹುದ್ದೆ ತಪ್ಪಾಗಿದೆ. ಶುಚಿ ಕೆಲಸ ಅಂತ ಹೋಗಿದೆ. ಅವರು ಮಾಡೋದು ನನ್ನ ಕೆಲಸವೇ ಅಲ್ವಾ ಪಾಕ್."

ಹಾರ್ತೊನೊ ಒಂದು ತುಂಡು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದರು. "ಹೋಗಿದೆ ಅಂತೀಯಲ್ಲ, ತಾನಾಗೇ ಹೋಯ್ತಾ?"

"ನಾನೇ ಬರ್ದಿದ್ದು."

"ಹೂಂ. ತಿದ್ದಬೇಕಾದ್ರೆ ಸ್ಟ್ಯಾಂಪು ಅಂಟಿಸಿ ಪೂರ್ಣ ಹೊಣೆ ಪತ್ರ ಬರ್ಕೊಡ್ಬೇಕು. ಹಿಂದೆ ನಾನು ಕೊಟ್ಟ ಮಾಹಿತಿ ಸುಳ್ಳು ಅಂತ. ಯಾರು ಕೊಟ್ಟದ್ದೋ ಅವರೇ. ನಿನ್ನ ನೇಮಕ ಆಗಿದ್ದು ಯಾವ ಪಟ್ಟಿಯಿಂದ?"

"ಅದೇ ಪಟ್ಟಿ."

"ಅದೇ ಪಟ್ಟಿ, ಅದೇ ರುಜು. ಒಂದು ಸುಳ್ಳು ಅಂದ್ಮೇಲೆ ಉಳಿದ ಹತ್ತು ಸತ್ಯ ಅಂತ ಅವರು ಯಾಕೆ ನಂಬ್ತಾರೆ? ಇನ್ನೊಂದು ನೋಡು. ಈ ವಿಭಾಗಕ್ಕೆ ಕಡತದ ಜಾಗ ಇದ್ದಿದ್ದೇ ಒಂದು." ಅವರು ತಟ್ಟೆಯನ್ನು ಇನ್ನಷ್ಟು ಹತ್ತಿರ ತಳ್ಳಿದರು. "ನಾನು ಮಾಡ್ಬೇಡ ಅನ್ನಲ್ಲ. ಮಾಡು ಅಂತಾನೂ ಅನ್ನಲ್ಲ. ಗೆಣಸು ತಗೋ."

ಗೆಣಸು ತೆಗೆದುಕೊಂಡ. ಜಾಗ ಒಂದೇ ಎಂಬುದು ಎರಡು ವರ್ಷದ ಹಿಂದೆ ತನಗೆ ಗೊತ್ತಿತ್ತೇ? ಕಾರಿಡಾರಿನಲ್ಲಿ ನಿಂತು ಆ ಮಧ್ಯಾಹ್ನವನ್ನು ಮತ್ತೆ ಮತ್ತೆ ತೆರೆದು ನೋಡಿದ. ಫೋನು, ಲೋಟ, ಸುತ್ತೋಲೆ, ಟ್ರೇ. ಗೊತ್ತಿತ್ತು ಎಂದು ಒಮ್ಮೆ ಕಾಣುತ್ತದೆ: ಬೆಳಿಗ್ಗೆ ಯಾರೋ ಆ ಮಾತು ಆಡಿದ್ದರು, ಅವನು ನಕ್ಕಿದ್ದ. ಗೊತ್ತಿರಲಿಲ್ಲ ಎಂದೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ: ಸುಮ್ಮನೆ, ಟ್ರೇ ಹಿಡಿದ ಬೆನ್ನು ಕಣ್ಣಿಗೆ ಬಿತ್ತು, ಕೈ ಬರೆಯಿತು. ಕೆಟ್ಟವನಾಗಿದ್ದರೆ ಒಂದು ಲೆಕ್ಕವಾದರೂ ಸಿಗುತ್ತಿತ್ತು. ಅವನಿಗೆ ಅದೂ ಸಿಗಲಿಲ್ಲ. ಬಾಯಲ್ಲಿದ್ದ ಗೆಣಸಿಗೆ ಉಪ್ಪು ಇದೆಯೋ ಇಲ್ಲವೋ ತಿಳಿಯಲಿಲ್ಲ, ನುಂಗಿದ.

ಮೂರಕ್ಕೆ ಹತ್ತು ನಿಮಿಷವಿದ್ದಾಗ ಅಡುಗೆ ಕೋಣೆಗೆ ಹೋದ. ಕೋಣೆ ಎಂದರೆ ಮೆಟ್ಟಿಲ ಕೆಳಗಿನ ಸಂದು. ಒಂದು ಒಲೆ, ಒಂದು ತೊಟ್ಟಿ, ಗೋಡೆಗೆ ಮೇಲಿನವರ ಹೆಸರೂ ಅವರ ಸಕ್ಕರೆಯ ಅಳತೆಯೂ ಬರೆದ ಚೀಟಿ. ರುಮಿಯಾತಿ ಸ್ಟೂಲಿನ ಮೇಲೆ ಕೂತು ತೊಡೆಯ ಮೇಲೆ ಮರಣದ ರಿಜಿಸ್ಟರು ಇಟ್ಟುಕೊಂಡು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದಳು. ನೀರು ಕುದಿಯುವವರೆಗೆ ಸುಮ್ಮನೆ ಕೂರುವವಳಲ್ಲ. ಅವನನ್ನು ಕಂಡು ಏಳಹೋದಳು.

"ಕೂತ್ಕೊಳ್ಳಿ ಬು ರುಮ್. ಒಂದು ಮಾತು ಹೇಳ್ಬೇಕಿತ್ತು. ನಿಮ್ಮ ಹೆಸರು ಪಟ್ಟಿಯಿಂದ ಹೋದದ್ದು..."

"ಶುಚಿ ಕೆಲಸ ಅಂತ ಬರ್ದಿದ್ದಕ್ಕೆ," ಎಂದಳು ಅವಳು. "ಗೊತ್ತು."

"ಯಾವಾಗಿಂದ?"

"ಆವತ್ತಿಂದ. ರುಜು ಹಾಕೋಕೆ ನೀವೇ ತಾನೆ ಕಾಗದ ಕೊಟ್ಟದ್ದು. ಓದ್ದೆ. ನಾನು ಓದದೆ ರುಜು ಹಾಕೋಳಾ?"

ಒಲೆಯ ಮೇಲೆ ನೀರು ಗುಳಗುಳ ಎನ್ನತೊಡಗಿತ್ತು. ಅವಳು ಕೈ ಚಾಚಿ ಉರಿ ತಗ್ಗಿಸಿದಳು.

"ಮತ್ತೆ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಆಗಲೇ ಹನ್ನೆರಡು ವರ್ಷ ಎದುರಿಗೆ ಕೂತು ನನ್ನ ನೋಡಿದವರು ನೀವು. ಬೇರೆ ಯಾರಾದ್ರೂ ಬರ್ದಿದ್ರೆ ಜಗಳ ಆಡ್ತಿದ್ದೆ. ನೀವು ಬರ್ದಿದ್ದು ಅಂದ್ಮೇಲೆ ಇರ್ಬೋದೇನೋ ಅನ್ಕೊಂಡೆ. ಮನೆಗೆ ಹೋಗ್ತಾ ಬಸ್ಸಲ್ಲಿ ಲೆಕ್ಕ ಹಾಕ್ದೆ, ದಿನಕ್ಕೆ ಎಷ್ಟು ಲೋಟ, ಎಷ್ಟು ಕಡತ ಅಂತ. ಲೋಟವೇ ಜಾಸ್ತಿ ಬಂತು." ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. "ಒಂದು ಕೇಳ್ಬೇಕು ಅಂತ ಎರಡು ವರ್ಷದಿಂದ ಇದೆ. ಯೋಚ್ನೆ ಮಾಡಿ ಬರ್ದ್ರಾ, ಸುಮ್ನೆ ಬರ್ದ್ರಾ?"

"ಸುಮ್ನೆ," ಎಂದ ಸುದರ್ಮಜಿ. ಹೇಳಿದ ಮೇಲೆ ಅದೇ ನಿಜವಿರಬೇಕು ಅನಿಸಿತು.

ಅವಳು ತಲೆಯಾಡಿಸಿದಳು. "ಯೋಚ್ನೆ ಮಾಡಿ ಬರ್ದಿದ್ರೆ ಚೆನ್ನಾಗಿತ್ತು. ಒಂದು ನಿಮಿಷ ನನ್ನ ಬಗ್ಗೆ ಯೋಚ್ನೆ ಮಾಡಿದ ಹಾಗಾದ್ರೂ ಆಗ್ತಿತ್ತು."

ಇನ್ನೂ ಅರ್ಧ ಗಂಟೆ ಇದೆ, ತಿದ್ದಬಹುದು, ತನ್ನ ಹೆಸರಲ್ಲಿ ಪತ್ರ ಬರೆಯಬೇಕಾಗುತ್ತದೆ ಎಂದು ಅವನು ಹೇಳಿದ. ನಿಮ್ಮದೂ ಹೋಗತ್ತಾ ಎಂದು ಅವಳು ಕೇಳಿದಳು. ಹೋಗಬಹುದು ಎಂದ. ಆಮೇಲೆ ಅವಳು ಏನು ಹೇಳುತ್ತಾಳೆಂದು ಅವನಿಗೆ ಗೊತ್ತಿತ್ತು. ಹತ್ತು ದಿನದಿಂದ ಆ ಮಾತನ್ನು ಅವಳ ಬಾಯಲ್ಲಿ ಕೇಳಿಸಿಕೊಂಡಿದ್ದ: ಬೇಡ ಬಿಡಿ, ನಿಮಗೆ ಮಕ್ಕಳಿದ್ದಾರೆ, ನನ್ನ ಹಣೆಯಲ್ಲಿ ಇದ್ದಂತೆ ಆಗಲಿ. ಈ ಕಡೆಯ ಜನ ಹಾಗೆಯೇ ಹೇಳುವುದು. ಹಲ್ಲು ಕಿತ್ತರೂ ಪರವಾಗಿಲ್ಲ ಎನ್ನುವ ಜನ. ಅದನ್ನು ಕೇಳಿಸಿಕೊಳ್ಳುವುದಕ್ಕೇ ತಾನು ಇಲ್ಲಿಗೆ ಬಂದದ್ದು ಎಂದು ಅವನಿಗೆ ಆಗ ತಿಳಿಯಿತು.

ರುಮಿಯಾತಿ ಗಡಿಯಾರ ನೋಡಿದಳು. "ಹಾಗಾದ್ರೆ ಬೇಗ ಹೋಗಿ," ಎಂದಳು. "ಕಂಪ್ಯೂಟರ್ ಒಂದೊಂದ್ಸಲ ನಿಧಾನ ಆಗತ್ತೆ."

ಬಂದು ಕೂತ. ಪುಟ ತಕ್ಷಣ ತೆರೆಯಿತು. ಅವಳ ಹೆಸರಿನ ಮುಂದೆ ಹುದ್ದೆಯ ಕಾಲಂ ಅಳಿಸಿ, ಕಡತ ನಿರ್ವಹಣೆ ಎಂದು ಬರೆದ. ಮಾಡುವ ಕೆಲಸದ ವಿವರ ಎಂಬಲ್ಲಿ ಎಲ್ಲವನ್ನೂ ಬರೆದ, ಹಳೆಯ ರಿಜಿಸ್ಟರಿನ ಅಕ್ಷರ ಓದುವುದನ್ನು ಕೂಡ. ಬರೆಯುತ್ತಾ ಹೋದ ಹಾಗೆ ತನ್ನದೇ ವಿವರ ಬರೆಯುತ್ತಿರುವಂತೆ ಅನಿಸಿತು, ಎರಡು ಮೂರು ಕಡೆ ತನ್ನದಕ್ಕಿಂತ ಹೆಚ್ಚಿತ್ತು. ಹೊಣೆ ಪತ್ರಕ್ಕೆ ಸ್ಟ್ಯಾಂಪು ಅಂಟಿಸಿ, ಅದರ ಅಂಚಿನ ಮೇಲೆ ಹಾಯುವಂತೆ ರುಜು ಮಾಡಿ, ಚಿತ್ರ ತೆಗೆದು ಪುಟಕ್ಕೆ ಏರಿಸಿದ. ಮೂರು ಗಂಟೆ ಹದಿನಾರು ನಿಮಿಷ. ಉಳಿದದ್ದು ಒಂದೇ, ಕಳಿಸು ಎಂಬ ಹಸಿರು ಗುಂಡಿ. ಮೌಸಿನ ಮೇಲೆ ಕೈ ಇಟ್ಟ. ಕೈ ಅಲ್ಲಿರುವುದು ಕಾಣುತ್ತಿತ್ತು.

"ನಮಸ್ಕಾರ ಪಾಕ್," ಎಂದು ಕೌಂಟರಿನಲ್ಲಿ ಯಾರೋ ಕೆಮ್ಮಿದರು.

ಕೌಂಟರು ಮೂರಕ್ಕೇ ಮುಚ್ಚಿತ್ತು. ನಾಳೆ ಬನ್ನಿ ಎನ್ನಬಹುದಿತ್ತು. ಹತ್ತೊಂಬತ್ತು ವರ್ಷದಲ್ಲಿ ಸಾವಿರ ಸಲ ಅಂದ ಮಾತು. ಕರಿ ಟೋಪಿಯ ಮುದುಕ, ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕುಟುಂಬ ಚೀಟಿ. ಹೆಂಡತಿ ತೀರಿಕೊಂಡು ನಲವತ್ತು ದಿನವಾಯಿತಂತೆ. ಸುದರ್ಮಜಿ ಎದ್ದು ಹೋಗಿ, ಮುದುಕನಿಗೆ ಕುರ್ಚಿ ಹಾಕಿ ಕೂರಿಸಿ, ತಾನೂ ಎದುರು ಕೂತ. ಹೆಸರು, ತಾರೀಖು, ಸಾವಿಗೆ ಕಾರಣ. ಮೃತರ ಉದ್ಯೋಗ ಎಂಬಲ್ಲಿ ಎಲ್ಲ ಹೆಂಗಸರಿಗೂ ಮನೆವಾರ್ತೆ ಎಂದು ಬರೆದು ಮುಗಿಸುವುದು ರೂಢಿ. ಅವನು ಕೇಳಿದ.

ಮುದುಕ ಯೋಚಿಸಿದ. "ಸೋಯಾ ಹುದುಗಿಸಿ ತೆಂಪೆ ಮಾಡಿ ಮಾರ್ತಿದ್ಲು. ಸಂತೆ ದಿನ ಮಾತ್ರ. ಬಾಕಿ ದಿನ ಕಬ್ಬಿನ ಗದ್ದೇಲಿ ಕೆಲಸ. ಆಮೇಲೆ ಹೆರಿಗೆಗೆ ಕರೀತಿದ್ರು ಅವಳನ್ನ, ಮೊದಲು. ಏನ್ ಬರೀತೀರೋ ಬರೀರಿ."

"ಹೇಳಿ, ಎಲ್ಲಾ ಹೇಳಿ. ಎಷ್ಟು ಹೆರಿಗೆ ಮಾಡ್ಸಿರ್ಬೋದು?" ಎಂದು ಕೇಳಿದ ಸುದರ್ಮಜಿ. ಮುದುಕ ಬೆರಳು ಮಡಚಿ ಎಣಿಸತೊಡಗಿದ, ಮನೆಮನೆಯ ಹೆಸರು ಹೇಳುತ್ತಾ. ಯಾರೂ ಇಷ್ಟು ಕೇಳಿರಲಿಲ್ಲವೇನೋ, ಅವನ ಕಣ್ಣು ತುಂಬಿಬಂತು. ಸುದರ್ಮಜಿ ದುಂಡಾದ ಅಕ್ಷರದಲ್ಲಿ ಎಲ್ಲವನ್ನೂ ಬರೆದ, ಜಾಗ ಸಾಲದೆ ಅಂಚಿನಲ್ಲೂ ಬರೆದ. ಒಮ್ಮೆಯೂ ಗಡಿಯಾರ ನೋಡಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಮುದುಕ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಎದೆ ಮುಟ್ಟಿಕೊಂಡು ಹೋದ. ಮೇಜಿಗೆ ಮರಳಿದಾಗ ಹಸಿರು ಗುಂಡಿ ಬೂದು ಬಣ್ಣಕ್ಕೆ ತಿರುಗಿತ್ತು. ಅವಧಿ ಮುಗಿದಿದೆ, ನಿಮ್ಮ ಸಹಕಾರಕ್ಕೆ ವಂದನೆಗಳು ಎಂದು ಪುಟ ಹೇಳುತ್ತಿತ್ತು. ಅವನು ಪುಟ ಮುಚ್ಚಿದ.

"ಆಯ್ತಾ?" ರುಮಿಯಾತಿ ಬಾಗಿಲಲ್ಲಿ ನಿಂತಿದ್ದಳು, ಕೈ ಒರೆಸಿಕೊಳ್ಳುತ್ತಾ.

"ಆಯ್ತು."

"ಹೋಯ್ತಾ ಅದು?"

"ಹೋಯ್ತು," ಎಂದ. ಎಷ್ಟು ಸಲೀಸಾಗಿ ಬಂತೆಂದರೆ ಅವನೇ ಸ್ವಲ್ಪ ಹೊತ್ತು ಅದನ್ನು ನಂಬಿದ.

ಅವಳು ಧನ್ಯವಾದ ಹೇಳಲಿಲ್ಲ, ಹೇಳಬೇಕಾದದ್ದೂ ಇರಲಿಲ್ಲ. ಎದುರಿನ ತನ್ನ ಕುರ್ಚಿಯಲ್ಲಿ ಕೂತಳು. ಬೆನ್ನು ಒರಗಿಸಿ ಕೂತಳು. ಅವಳು ಒರಗಿ ಕೂತದ್ದನ್ನು ಅವನು ಈ ಹದಿನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ. ಮೇಜಿನ ಮೇಲಿನ ಕಡತಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಎದ್ದು, ತಲೆಬಟ್ಟೆಯ ಪಿನ್ನು ಸರಿಮಾಡಿಕೊಂಡು, ಮೊದಲು ಮೇಲಿನ ಮಹಡಿಗೆ ಹೋಗಿ ಬಂದು, ಹಾರ್ತೊನೊ ಅವರ ಕೋಣೆಗೆ ಹೋದಳು. ಬಾಗಿಲು ತೆರೆದೇ ಇತ್ತು.

"ಪಾಕ್, ನಾಳೆಯಿಂದ ಚಹಾಕ್ಕೆ ಬೇರೆ ಯಾರಿಗಾದ್ರೂ ಹೇಳಿ. ಅದು ನನ್ನ ಕೆಲಸ ಅಲ್ಲ."

"ಏನಮ್ಮಾ ಇದ್ದಕ್ಕಿದ್ದ ಹಾಗೆ?" ಹಾರ್ತೊನೊ ನಗುತ್ತಿದ್ದರು.

"ಇದ್ದಕ್ಕಿದ್ದ ಹಾಗೆ ಅಲ್ಲ ಪಾಕ್, ಹನ್ನೆರಡು ವರ್ಷ ಆಯ್ತು. ಮೇಲಿನ ಮಹಡಿಯವರಿಗೂ ಹೇಳಿ ಬಂದೆ ಈಗ. ನಾನು ಕಡತದವಳು. ತಿದ್ದಿ ಕಳ್ಸಾಗಿದೆ."

ನಗು ನಿಂತಿತು. ಕುರ್ಚಿ ಸರಿದ ಸದ್ದು. "ಕಳ್ಸಾಗಿದೆಯಾ? ಯಾರು ಕಳ್ಸಿದ್ದು?"

ರುಮಿಯಾತಿ ಬಾಗಿಲಿಗೆ ಬಂದು, ಒಂದು ಕೈಯಲ್ಲಿ ಅದನ್ನು ಅಗಲಕ್ಕೆ ಹಿಡಿದುಕೊಂಡು, ಕಚೇರಿಯಲ್ಲಿದ್ದ ಅಷ್ಟೂ ಜನ ತಲೆ ಎತ್ತಿ ನೋಡುವ ಹಾಗೆ ಅವನನ್ನು ಕರೆದಳು. ಅವಳ ಮುಖದಲ್ಲಿ ಸಂತೋಷವಿತ್ತು.

"ಬನ್ನಿ, ನೀವೇ ಹೇಳಿ ಅವರಿಗೆ."

ಸುದರ್ಮಜಿ ಮೇಜಿನ ಅಂಚು ಹಿಡಿದು ಎದ್ದ. ಅವನಿಗೆ ಹೆದರಿಕೆಯಾಯಿತು.